ಸತ್ಯಾಂಶ: ಡ್ರಮ್ ಕೋರ್ ಕಲಾವಿದರನ್ನು ಕಿವಿಯಂತ್ರ ನಡೆಸುತ್ತದೆಯೇ?

ಕಹಳೆ, ಡ್ರಮ್ ಹಿಡಿದ ನೂರಾರು ಮಂದಿ ಓಡುತ್ತಲೇ ವೃತ್ತವಾಗಿ, ಆ ವೃತ್ತ ಕರಗಿ ಅಲೆಯಾಗುವ ವಿಡಿಯೊ ನಿಮಗೂ ಬಂದಿರಬಹುದು. ‘ಇವರು ಅಮೆರಿಕದ ಸೈನಿಕರು, ಕಿವಿಯಲ್ಲಿರುವ ಸಾಧನ ಹೇಳಿದಲ್ಲಿ ಕಾಲಿಡುತ್ತಾರೆ’ ಎಂಬ ಒಕ್ಕಣೆ ಜೊತೆಗಿರುತ್ತದೆ.

ಎರಡೂ ತಪ್ಪು. ಇವು ಡ್ರಮ್ ಕೋರ್ ಎಂಬ ನಾಗರಿಕ ಯುವ ತಂಡಗಳು. 1972ರಿಂದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಇವರಿಗೆ ಚಾಂಪಿಯನ್‌ಷಿಪ್ ನಡೆಸುತ್ತಿದೆ. ತಾಳದ ಯಾವ ಮಾತ್ರೆಗೆ ಮೈದಾನದ ಯಾವ ಗೆರೆಯಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂಬುದನ್ನು ಪ್ರತಿಯೊಬ್ಬರೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಬೇಸಿಗೆಯುದ್ದಕ್ಕೂ ಬಿಸಿಲಲ್ಲಿ ಬಾಯಿಪಾಠ ಮಾಡುತ್ತಾರೆ; ಕಾಲುಪಾಠ ಎನ್ನುವುದೇ ಸರಿ. ಐದು ಗಜಕ್ಕೆ 8 ಹೆಜ್ಜೆ, ಅಂದರೆ ಹೆಜ್ಜೆಗೆ ಸುಮಾರು 57 ಸೆಂ.ಮೀ., ಮೂಲ ಅಳತೆ.

ತಮಾಷೆಯೆಂದರೆ, ಇಲ್ಲಿ ಕಿವಿಯನ್ನು ಕಣ್ಣು ಮುಚ್ಚಿ ನಂಬುವಂತೆಯೇ ಇಲ್ಲ. 100 ಗಜದ ಮೈದಾನವನ್ನು ದಾಟಲು ಶಬ್ದಕ್ಕೆ ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ದೂರದ ಧ್ವನಿಗೆ ಹೆಜ್ಜೆ ಹಾಕಿದವರು ತಾಳ ತಪ್ಪುತ್ತಾರೆ. ಆದ್ದರಿಂದ ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್‌ನ ಕೈಗಳನ್ನು ನೋಡುತ್ತಾರೆ, ಇಲ್ಲವೇ ಬೆನ್ನ ಹಿಂದಿನಿಂದ ಕೇಳಿಬರುವ ಡ್ರಮ್‌ಗಳನ್ನು ಅನುಸರಿಸುತ್ತಾರೆ.

ಈ ಆಕೃತಿಗಳ ವಿನ್ಯಾಸಕರು ಈಗ ತಂತ್ರಾಂಶ ಬಳಸುವುದು ನಿಜ. ಆದರೆ ಗಾರ್ಫೀಲ್ಡ್ ಕೆಡೆಟ್ಸ್ ಎಂಬ ಡ್ರಮ್ ಕೋರ್ ತಂಡಕ್ಕೆ ವಿನ್ಯಾಸಕ ಜಾರ್ಜ್ ಜಿಂಗಾಲಿ ಎಡಬಲದ ಸಮ್ಮಿತಿ ಮುರಿದು, ನಿಲ್ಲದೆ ಹರಿಯುವ ಆಕೃತಿಗಳನ್ನು ರಚಿಸಿದ್ದು ಕೈಬರಹದ ನಕ್ಷೆಗಳಲ್ಲಿ. 1983ರಲ್ಲಿ ಆ ತಂಡವೇ ಚಾಂಪಿಯನ್ ಆಯಿತು.