‘ಇರಲಿ, ಬೇಕಾದೀತು’ ಎಂದು ಇಟ್ಟುಕೊಂಡ ಪೆಟ್ಟಿಗೆ

ಊರು ಬಿಟ್ಟ ಮೇಲೆ ಹನ್ನೊಂದು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇವೆ. ಎಲ್ಲ ಕಡೆಗೂ ಒಂದು ರಟ್ಟಿನ ಪೆಟ್ಟಿಗೆ ನಮ್ಮ ಜೊತೆಗೇ ಬಂತು. ಅದರ ಮೇಲೆ ನನ್ನ ಅಕ್ಷರದಲ್ಲಿ ‘ಇತರೆ’ ಎಂದು ಬರೆದಿದೆ. ಎರಡನೆಯ ಮನೆ ಬಿಡುವಾಗ ಹಚ್ಚಿದ ಟೇಪು ನಾಲ್ಕನೆಯ ಮನೆಯಲ್ಲೂ ಹಾಗೇ ಇತ್ತು, ಅಂಚು ಹಳದಿಯಾಗಿತ್ತು ಅಷ್ಟೆ. ಕಳೆದ ವರ್ಷ ಅದನ್ನು ಬಿಚ್ಚಿಯೇ ತೀರಬೇಕೆಂದು ಕೂತೆ. ಮನೆಯಿಂದ ಬೇಡದ್ದನ್ನು ಹೊರಹಾಕುವ ವಿಧಾನಗಳ ಬಗ್ಗೆ ಓದಿದೆ, ಹಲವನ್ನು ಮಾಡಿಯೂ ನೋಡಿದೆ. ಯಾವುದು ಒಳ್ಳೆಯ ವಿಧಾನ ಎಂದು ಕೇಳುವ ಮೊದಲು, ನಮ್ಮ ಕೈ ಎಲ್ಲಿ ತಡೆಯುತ್ತದೆ ಎಂದು ನೋಡಿಕೊಳ್ಳಬೇಕು ಅನ್ನುವುದು ನನ್ನ ಅನಿಸಿಕೆ.

ಎಲ್ಲರಂತೆ ನಾನೂ ಶುರು ಮಾಡಿದ್ದು ಜಪಾನಿನ ಮೇರಿ ಕೊಂಡೊ ಹೇಳಿದ ದಾರಿಯಿಂದ. ಕೋಣೆ ಕೋಣೆ ಮಾಡುತ್ತಾ ಹೋಗಬೇಡಿ, ಬಗೆ ಬಗೆಯಾಗಿ ಮಾಡಿ ಅನ್ನುತ್ತಾರೆ ಅವರು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತುಗಳು. ಒಂದು ಬಗೆಯದನ್ನೆಲ್ಲ ಒಂದೇ ಕಡೆ ರಾಶಿ ಹಾಕಿ, ಒಂದೊಂದನ್ನೂ ಕೈಗೆತ್ತಿಕೊಂಡು, ಮನಸ್ಸು ಅರಳಿತೇ ಎಂದು ಕೇಳಿಕೊಳ್ಳಬೇಕು. ಬಟ್ಟೆಯ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಮನೆಯಲ್ಲಿರುವ ನನ್ನ ಅಂಗಿಗಳೆಲ್ಲ ಒಟ್ಟಿಗೆ ಮಂಚದ ಮೇಲೆ ಬಿದ್ದಾಗ, ಒಂದೇ ಬಗೆಯ ನೀಲಿ ಅಂಗಿ ಏಳು ಇವೆ ಅನ್ನುವುದು ಮೊದಲ ಸಲ ಕಣ್ಣಿಗೆ ಬಿತ್ತು. ಬೀರುವಿನಲ್ಲಿ ಎರಡು, ಸೂಟ್‌ಕೇಸಿನಲ್ಲಿ ಮೂರು, ಒಗೆಯುವ ಬುಟ್ಟಿಯಲ್ಲಿ ಎರಡು ಇದ್ದಾಗ ಅದು ಗೊತ್ತಾಗುವುದೇ ಇಲ್ಲ. ತೊಟ್ಟರೆ ಹಿತವೋ ಅಲ್ಲವೋ ಎಂದು ಮೈಗೂ ಗೊತ್ತಿರುತ್ತದೆ, ಹಾಗಾಗಿ ಉತ್ತರ ಬೇಗ ಬರುತ್ತದೆ.

ಚಿಲ್ಲರೆ ಸಾಮಾನಿಗೆ ಬಂದಾಗ ನಾನು ನಿಂತುಬಿಟ್ಟೆ. ಹಳೆಯ ಪೆನ್ನು ಕೈಗೆತ್ತಿಕೊಂಡರೆ ಆ ಪೆನ್ನೂ ಬೇಕು ಅನ್ನಿಸುತ್ತಿತ್ತು. ಇದು ನನ್ನೊಬ್ಬನ ದೌರ್ಬಲ್ಯವಲ್ಲ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದ್ದರು. ಕೊಳ್ಳುವವರು ಕೊಡಲು ಸಿದ್ಧವಿದ್ದುದರ ಸುಮಾರು ಎರಡರಷ್ಟನ್ನು ಅವರು ಕೇಳಿದರು. ತಮ್ಮದಾಯಿತು ಅನ್ನುವಷ್ಟಕ್ಕೇ ಮಗ್ಗಿನ ಬೆಲೆ ಏರಿತ್ತು. ಜೋಆನ್ ಪೆಕ್ ಮತ್ತು ಸುಜಾನ್ ಶು 2009ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮುಟ್ಟಿದರೆ ಸಾಕು, ವಸ್ತು ನನ್ನದು ಅನ್ನುವ ಭಾವ ಹೆಚ್ಚುತ್ತದೆ ಎಂದು ತೋರಿಸಿದರು. ಹಾಗಿದ್ದ ಮೇಲೆ, ಕೈಗೆತ್ತಿಕೊಂಡು ಕೇಳಿಕೊಳ್ಳಿ ಅನ್ನುವುದು ನನ್ನಂಥವರಿಗೆ ಒಗ್ಗುವುದು ಕಷ್ಟ. ಆಮೇಲಿಂದ ನನ್ನ ಹೆಂಡತಿ ವಸ್ತುವನ್ನು ಹಿಡಿದು ತೋರಿಸುವುದು, ನಾನು ಮುಟ್ಟದೆ ಹೇಳುವುದು ಎಂದು ಮಾಡಿಕೊಂಡೆವು. ಕೆಲಸದ ವೇಗ ಕಣ್ಣಿಗೆ ಕಾಣುವಷ್ಟು ಬದಲಾಯಿತು.

ನನಗೆ ನಿಜವಾಗಿ ಕೈಹಿಡಿದದ್ದು ಅಮೆರಿಕದ ಡೇನಾ ವೈಟ್ ಹೇಳುವ ಮಾತು: ನೀವು ತೀರ್ಮಾನಿಸಬೇಡಿ, ಡಬ್ಬ ತೀರ್ಮಾನಿಸಲಿ. ಇರುವ ಜಾಗಕ್ಕೊಂದು ಮಿತಿಯಿದೆ, ಅದರಲ್ಲಿ ಹಿಡಿಸಿದಷ್ಟು ನಿಮ್ಮದು. ನಮ್ಮ ವಯರುಗಳ ಡ್ರಾಯರನ್ನು ಹೀಗೇ ಮಾಡಿದೆವು. ಎಲ್ಲವನ್ನೂ ನೆಲಕ್ಕೆ ಸುರಿದಾಗ ಒಂದಕ್ಕೊಂದು ಹೆಣೆದುಕೊಂಡು ಹಕ್ಕಿಗೂಡಿನಂತೆ ಬಿತ್ತು. ಹೆಂಡತಿ ಒಂದೊಂದನ್ನೇ ಬಿಡಿಸಿ ಎತ್ತಿ ಹಿಡಿದಳು. “ಇದು ಯಾವುದರ ಚಾರ್ಜರ್ ರೀ?” ಗೊತ್ತಿಲ್ಲ. “ಇದು?” ಹಳೆಯ ಕ್ಯಾಮೆರಾದ್ದಿರಬೇಕು. “ಕ್ಯಾಮೆರಾ ಎಲ್ಲಿದೆ?” ಕ್ಯಾಮೆರಾ ಮೂರು ವರ್ಷದ ಹಿಂದೆಯೇ ಹೋಗಿತ್ತು. ದಿನಾ ಬಳಸುವುದನ್ನು ಮೊದಲು ಡ್ರಾಯರಿಗೆ ಹಾಕಿದೆವು, ಆಮೇಲೆ ಅಪರೂಪಕ್ಕೆ ಬೇಕಾಗುವುದು. ಅದು ತುಂಬಿದಾಗ ಉಳಿದದ್ದು ಉಳಿಯಿತು. ಒಂದು ವಯರಿಗೂ ‘ನೀನು ಬೇಡ’ ಎಂದು ನಾನು ಹೇಳಬೇಕಾಗಲಿಲ್ಲ. ಉಳಿದದ್ದು ಹಳೆಯ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ಕಡೆಗೆ ಹೋಯಿತು. ವಯರನ್ನು ಕಸದ ಬುಟ್ಟಿಗೆ ಹಾಕಬಾರದು, ಒಳಗಿನ ತಾಮ್ರ ಮತ್ತೆ ಕೆಲಸಕ್ಕೆ ಬರುತ್ತದೆ.

ಅಮೆರಿಕದ ‘ದಿ ಮಿನಿಮಲಿಸ್ಟ್ಸ್’ ಗುಂಪಿನವರು ಹೇಳುವ, ದಿನಕ್ಕೆಷ್ಟು ಎಂದು ಎಣಿಸುವ ದಾರಿಯೂ ಇದೆ. ಮೊದಲ ದಿನ ಒಂದು, ಎರಡನೆಯ ದಿನ ಎರಡು, ಮೂವತ್ತನೆಯ ದಿನ ಮೂವತ್ತು, ಒಟ್ಟು 465 ವಸ್ತು. ಹುರುಪು ಬೇಕಾದವರಿಗೆ ಚೆನ್ನ. ನನಗೆ ಹದಿನೈದನೆಯ ದಿನದಿಂದ ಲೆಕ್ಕ ತುಂಬಿಸಲು ಹಳೆಯ ರಸೀದಿ, ರಬ್ಬರ್ ಬ್ಯಾಂಡ್ ಹುಡುಕುವುದೇ ಕೆಲಸವಾಯಿತು. ಮೂಲೆಯ ದೊಡ್ಡ ಪೆಟ್ಟಿಗೆಯ ಕಡೆ ಕಣ್ಣು ಹೋಗಲಿಲ್ಲ.

ಅದೇ ಗುಂಪಿನವರು ಹೇಳುವ ಇನ್ನೊಂದು ಸೂತ್ರದ ಬಗ್ಗೆ ನನ್ನದೊಂದು ತಕರಾರಿದೆ. ಇಪ್ಪತ್ತು ಡಾಲರಿನೊಳಗೆ, ಇಪ್ಪತ್ತು ನಿಮಿಷದೊಳಗೆ ಮತ್ತೆ ತರಬಹುದಾದ್ದನ್ನು ‘ಬೇಕಾದೀತು’ ಎಂದು ಇಟ್ಟುಕೊಳ್ಳಬೇಡಿ ಅನ್ನುತ್ತಾರೆ. ಸ್ಕ್ರೂ ಡ್ರೈವರಿಗೆ, ಹೆಚ್ಚುವರಿ ಛತ್ರಿಗೆ ಇದು ಸರಿ. ನನ್ನ ಕನ್ನಡ ಪುಸ್ತಕಗಳಿಗೆ ಸರಿಯಲ್ಲ. ನಾನಿರುವಲ್ಲಿ ಅವು ಇಪ್ಪತ್ತು ನಿಮಿಷದಲ್ಲಿ ಸಿಗುವುದಿಲ್ಲ, ಕೆಲವಂತೂ ಈಗ ಅಚ್ಚಿನಲ್ಲೇ ಇಲ್ಲ. ಆ ಸೂತ್ರ ಬರೆದವರು ತಮ್ಮ ಭಾಷೆಯ ನಡುವೆ ಇರುವವರು. ಹೊರಗಿರುವ ನಮಗೆ ಒಂದು ಕಪಾಟು ಪುಸ್ತಕ ಕೊಟ್ಟುಬಿಡುವುದರ ನಷ್ಟ ಬೇರೆಯದೇ. ಅವುಗಳಿಗೂ ನಾನು ಡಬ್ಬದ ನಿಯಮವನ್ನೇ ಹಚ್ಚಿದೆ, ಆದರೆ ಕಪಾಟನ್ನು ದೊಡ್ಡದು ಮಾಡಿಕೊಂಡೆ. ಅದರಲ್ಲಿ ತಪ್ಪಿದೆ ಅನ್ನಿಸುವುದಿಲ್ಲ.

ಮನೆಯಲ್ಲಿ ಇಬ್ಬರಿದ್ದರೆ ಇನ್ನೊಂದು ಸಂಗತಿ ಬರುತ್ತದೆ. ಎಲ್ಲ ಮುಚ್ಚಿಟ್ಟರೆ ನನಗೆ ನೆಮ್ಮದಿ. ಹೆಂಡತಿಗೆ ಕಣ್ಣಿಗೆ ಕಾಣದ್ದು ಇಲ್ಲದ್ದಕ್ಕೆ ಸಮ. ಕೆನಡಾದ ಕ್ಯಾಸಂಡ್ರಾ ಆರ್ಸೆನ್ ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ: ಕಾಣುವಂತೆ ಇಡುವವರು, ಮುಚ್ಚಿಡುವವರು, ಸೂಕ್ಷ್ಮವಾಗಿ ವಿಂಗಡಿಸುವವರು, ದೊಡ್ಡ ದೊಡ್ಡ ಗುಂಪಾಗಿ ಹಾಕುವವರು. ಇದನ್ನು ಓದುವವರೆಗೂ ಅವಳು ಔಷಧಿ, ಕತ್ತರಿ, ಬಿಲ್ಲು ಎಲ್ಲ ಮೇಜಿನ ಮೇಲೆ ಬಿಡುವುದು ಅಸಡ್ಡೆ ಎಂದುಕೊಂಡು ಎಷ್ಟೋ ಸಲ ಮಾತಾಡಿದ್ದೇನೆ. ಅದು ಅವಳು ನೆನಪಿಟ್ಟುಕೊಳ್ಳುವ ಕ್ರಮವಾಗಿತ್ತು. ಈಗ ಬಾಗಿಲ ಪಕ್ಕ ಮುಚ್ಚಳವಿಲ್ಲದ ಮೂರು ಬುಟ್ಟಿ ಇಟ್ಟಿದ್ದೇವೆ. ಮೇಜು ಖಾಲಿ.

‘ಇತರೆ’ ಪೆಟ್ಟಿಗೆ ಬಿಚ್ಚಿದ ದಿನ ಮೇಲೇ ಸಿಕ್ಕಿದ್ದು ಅಪ್ಪನ ಕನ್ನಡಕ. ಒಂದು ಕಡ್ಡಿ ಮುರಿದಿದೆ, ಅವರೇ ಬಿಳಿ ದಾರ ಸುತ್ತಿ ಗಂಟು ಹಾಕಿದ್ದಾರೆ. ದಾರ ಕಿವಿಗೆ ತಾಗುವ ಕಡೆ ಕಂದಾಗಿದೆ. ಆ ಸಂಜೆ ಬೇರೇನೂ ಮಾಡಲಾಗಲಿಲ್ಲ, ಪೆಟ್ಟಿಗೆ ಮತ್ತೆ ಮುಚ್ಚಿದೆ. ನೆನಪಿನ ವಸ್ತು ಕೊನೆಗಿರಲಿ ಎಂದು ಕೊಂಡೊ ಯಾಕೆ ಹೇಳಿದರು ಅನ್ನುವುದು ಅವತ್ತು ಅರ್ಥವಾಯಿತು. ಸ್ವೀಡನ್ನಿನ ಮಾರ್ಗರೆಟಾ ಮ್ಯಾಗ್ನುಸನ್ ಕೂಡ ಪತ್ರ, ಫೋಟೊಗಳಿಂದ ಶುರು ಮಾಡಬೇಡಿ ಅನ್ನುತ್ತಾರೆ. ಇದನ್ನು ಉಳಿಸಿದರೆ ಯಾರಿಗಾದರೂ ಸಂತೋಷವಾದೀತೇ ಅನ್ನುವುದು ಅವರ ಪ್ರಶ್ನೆ. ತಿಂಗಳುಗಳ ನಂತರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆಟ್ಟಿಗೆ ತೆರೆದೆ. ಕನ್ನಡಕ ಹಾಕಿಕೊಂಡು, “ತಾತಂಗೆ ಹೀಗೆ ಕಾಣ್ತಿತ್ತಾ?” ಎಂದು ಕೇಳಿದಳು. ಅದು ಈಗ ಅವಳ ಮೇಜಿನ ಮೇಲಿದೆ.

ಪೆಟ್ಟಿಗೆಯಲ್ಲಿ ಇನ್ನು ಒಂದು ಕಟ್ಟು ಕಾಗದ ಉಳಿದಿದೆ, ಹೆಚ್ಚಿನವು ಅಮ್ಮ ಬರೆದವು. ಅವನ್ನು ಭಾನುವಾರ ಮಧ್ಯಾಹ್ನ ಕಾಲು ಗಂಟೆ ಗಡಿಯಾರ ಇಟ್ಟುಕೊಂಡು, ವಾರಕ್ಕೆ ನಾಲ್ಕರಂತೆ ಓದುತ್ತಿದ್ದೇವೆ.