ಅವನದ್ದು ಯಾವ ಬೇಜಾರು?

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ನಮ್ಮ ಬಚ್ಚಲುಮನೆಯ ಒಲೆಯ ಮೇಲೆ ಒಂದು ಹಗ್ಗ ಕಟ್ಟಿದ್ದೆವು. ಅದರಲ್ಲಿ ದಿನಾ ಒಂದು ಬೆಡ್‌ಶೀಟ್ ಒಣಗುತ್ತಿತ್ತು. ಹೊರಗೆ ಬಿಡದ ಮಳೆ. ತಮ್ಮ ರಾತ್ರಿ ಮಲಗಿದಲ್ಲೇ ಬೆವರುತ್ತಿದ್ದ. ಆ ಚಳಿಯಲ್ಲೂ ತಲೆದಿಂಬು ಒದ್ದೆ. ಅಮ್ಮ ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕುವ ಮೊದಲೇ ಬೆಡ್‌ಶೀಟ್ ಒಗೆದು ಹಗ್ಗಕ್ಕೆ ಹಾಕುತ್ತಿದ್ದರು. ಹೊಗೆ ವಾಸನೆ ಹತ್ತಿದ ಅದನ್ನೇ ರಾತ್ರಿ ಮತ್ತೆ ಹಾಸುವುದು. ಹೀಗೆ ಎಂಟು ದಿನ.

ಅವನಿಗೆ ಜ್ವರ ಇರಲಿಲ್ಲ. ಅವನು ಗಾಂಜಾ ಬಿಟ್ಟಿದ್ದ.

ತಮ್ಮನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬೇಡ ಅಕ್ಕ, ಉಳಿದದ್ದೆಲ್ಲ ಬರಿ" ಅಂದ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಸ್ವಲ್ಪ ಅಡಿಕೆ ತೋಟ, ಎರಡು ದನ. ಈಗ ಬರೆಯುವುದಕ್ಕೆ ಕಾರಣ ಇದೆ. ಈಚೆಗೆ ನಮ್ಮ ಕಡೆಯ ಮೂವರು ಅಮ್ಮಂದಿರು ನನ್ನನ್ನು ಬದಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು. "ಬಿಟ್ಟಿದ್ದೇನೆ ಅಂತಾನೆ. ಆದ್ರೆ ಮೊದಲಿಗಿಂತ ಜಾಸ್ತಿ ಸಿಡುಕುತ್ತಾನೆ. ಸುಳ್ಳು ಹೇಳ್ತಿದ್ದಾನಾ?"

ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಬಿಟ್ಟದ್ದಕ್ಕೇ ಸಿಡುಕುತ್ತಿರಬಹುದು. ಇದೊಂದು ಮಾತು ನಮಗೆ ಗೊತ್ತಿದ್ದಿದ್ದರೆ ಮೊದಲ ಸಲ ಬಿಟ್ಟಾಗ ಅವನನ್ನು ನಾವೇ ತಿರುಗಿ ಅದರ ಕಡೆ ತಳ್ಳುತ್ತಿರಲಿಲ್ಲ.

ಹೌದು, ತಳ್ಳಿದ್ದು ನಾವೇ. ಅವನಿಗೆ ಶುರುವಾದದ್ದು 18ನೇ ವಯಸ್ಸಿಗೆ, ಓದಲು ಊರು ಬಿಟ್ಟ ಮೇಲೆ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ ರಾತ್ರಿ, ಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ. ನಮಗೆ ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಅಪ್ಪ ಬೈದರು, ಅಮ್ಮ ಅತ್ತರು, ಅವನು ಆಣೆ ಮಾಡಿ ಬಿಟ್ಟ. ನಾಲ್ಕನೇ ದಿನ ಬೆಳಿಗ್ಗೆ ದೋಸೆಯ ತಟ್ಟೆಯನ್ನು ಅಂಗಳಕ್ಕೆ ಎಸೆದ. ಚಟ್ನಿಗೆ ಉಪ್ಪು ಜಾಸ್ತಿ ಎಂದು. ನಿಜವಾಗಿ ಜಾಸ್ತಿ ಇರಲಿಲ್ಲ. ಅಪ್ಪ ಕೂಗಿದರು, "ಇವತ್ತೂ ಎಳೆದುಕೊಂಡೇ ಬಂದಿದ್ದೀಯ. ನಿನ್ನ ಆಣೆಗೆ ಬೆಂಕಿ ಹಾಕು." ನಾನೂ ಅಪ್ಪನ ಪಕ್ಕವೇ ನಿಂತಿದ್ದೆ. ಅವನು ಏನೂ ಹೇಳದೆ ಬೈಕ್ ತೆಗೆದುಕೊಂಡು ಹೋದ. ರಾತ್ರಿ ಬಂದಾಗ ಶಾಂತವಾಗಿದ್ದ. ಕಣ್ಣು ಕೆಂಪಗಿತ್ತು. ಆಮೇಲೆ ಒಂದು ದಿನ ಹೇಳಿದ, "ಅಕ್ಕ, ಆವತ್ತು ಬೆಳಿಗ್ಗೆವರೆಗೆ ನಾನು ಮುಟ್ಟಿರಲಿಲ್ಲ. ಎಳೆದರೂ ಬೈಗುಳ, ಎಳೆಯದಿದ್ದರೂ ಬೈಗುಳ ಅಂತ ಅನ್ನಿಸಿಬಿಟ್ಟಿತು."

ಈ ಮಾತನ್ನು ನೆನೆಸಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. ಹುಡುಗರು ಹೇಳುವುದು, "ಅದು ಗಿಡ ಅಲ್ವಾ, ಅದಕ್ಕೆ ಚಟ ಹತ್ತುವುದಿಲ್ಲ." ದೊಡ್ಡವರು ಹೇಳುವುದು, "ಒಂದು ಸಲ ಎಳೆದರೆ ಮುಗಿಯಿತು, ಹುಚ್ಚೇ ಗತಿ." ಎರಡೂ ಸರಿಯಲ್ಲ. ಗಾಂಜಾ ಎಳೆದು ನೋಡಿದ 100 ಮಂದಿಯಲ್ಲಿ ಸುಮಾರು 9 ಮಂದಿಗೆ ಅದು ಬಿಡಲಾಗದ ಚಟವಾಗುತ್ತದೆ ಎಂದು ಹಳೆಯ ಅಧ್ಯಯನಗಳ ಲೆಕ್ಕ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಆರಕ್ಕೆ ಒಬ್ಬರು. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಹೊರಗೆ ಬಂತು. ದೇಶದಲ್ಲಿ ಗಾಂಜಾ, ಭಂಗಿಯಂಥದ್ದರಿಂದ ತೊಂದರೆಗೆ ಸಿಕ್ಕಿ ಸಹಾಯ ಬೇಕಾದವರು ಸುಮಾರು 72 ಲಕ್ಷ ಎಂದು ಅದು ಹೇಳಿತು. ಇದು ನಮ್ಮ ಮನೆಯ ಮಾನ ಕಳೆಯಲು ನಮಗೊಬ್ಬರಿಗೇ ಬಂದ ಕೇಡು ಎಂದು ನಾನು ನಂಬಿದ್ದೆ. ಆ ಅಂಕಿ ಓದಿದ ದಿನ ಮನಸ್ಸು ಸ್ವಲ್ಪ ಹಗುರಾಯಿತು.

ಬಿಟ್ಟಾಗ ಬರುವ ತೊಂದರೆಯೂ ಹೊಸ ಕಂಡುಹಿಡಿತ ಏನಲ್ಲ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದನ್ನು ಸೇರಿಸಿದ್ದು 2013ರಲ್ಲಿ. ದಿನಾ ಎಳೆಯುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಇದು ಬರುತ್ತದೆ. ಕೊನೆಯ ಸಲ ಎಳೆದು ಒಂದರಿಂದ ಮೂರು ದಿನದೊಳಗೆ ಶುರು. ಸಿಡುಕು, ಚಡಪಡಿಕೆ, ಹೆದರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಬೆವರು, ಹೊಟ್ಟೆನೋವು, ತಲೆನೋವು, ಏನೂ ಬೇಡ ಅನ್ನಿಸುವುದು. ಮೊದಲ ವಾರದಲ್ಲಿ ಇದರ ಜೋರು ಹೆಚ್ಚು. ಎರಡು ವಾರದ ಹೊತ್ತಿಗೆ ಸುಮಾರು ಇಳಿಯುತ್ತದೆ. ನಿದ್ದೆ ಮಾತ್ರ ಸರಿಯಾಗಲು ಕೆಲವರಿಗೆ ತಿಂಗಳ ಮೇಲೂ ಬೇಕು. ನಮ್ಮಲ್ಲಿ ಬೀಡಿಯ ಹೊಗೆಸೊಪ್ಪಿಗೆ ಬೆರೆಸಿ ಎಳೆಯುವವರೇ ಜಾಸ್ತಿ. ಹಾಗಾಗಿ ಗಾಂಜಾ ಬಿಟ್ಟ ದಿನವೇ ನಿಕೋಟಿನ್ ಕೂಡ ನಿಂತಿರುತ್ತದೆ. ಎರಡರ ಸಿಟ್ಟೂ ಒಟ್ಟಿಗೆ ಬರುತ್ತದೆ.

ಕುಡಿತ ಬಿಟ್ಟವನಿಗೆ ಕೈ ನಡುಗಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಜಾಸ್ತಿಯಾದರೆ ಅದು ಜೀವಕ್ಕೇ ಅಪಾಯ, ಕೂಡಲೇ ಆಸ್ಪತ್ರೆಗೆ ಒಯ್ಯುತ್ತಾರೆ. ಗಾಂಜಾ ಬಿಟ್ಟವನದ್ದು ಹಾಗೆ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಬರೀ ಅವನ ಕೆಟ್ಟ ಗುಣ. ತಟ್ಟೆ ಎಸೆದ, ಅಮ್ಮನಿಗೆ ಎದುರು ಮಾತಾಡಿದ, ಮಧ್ಯಾಹ್ನದವರೆಗೆ ಮಲಗಿದ. ಮನೆಯವರು ಅವನ ಗುಣದ ಜೊತೆಗೇ ಜಗಳಕ್ಕೆ ನಿಲ್ಲುತ್ತಾರೆ.

ಎರಡನೇ ಸಲ ಬಿಡುವ ಮೊದಲು ಹತ್ತಿರದ ಒಬ್ಬ ಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಯಾರು, ಎಲ್ಲಿ ಎಂದು ಹೇಳುವುದಿಲ್ಲ. ಅವರು ಅರ್ಧ ಗಂಟೆ ಮಲಯಾಳದಲ್ಲಿ ಅಪ್ಪ ಅಮ್ಮನ ಕಣ್ಣೀರಿನ ಬಗ್ಗೆ, ಜೈಲಿನ ಬಗ್ಗೆ ಹೇಳಿದರು. ಅವನನ್ನು ಒಂದು ಪ್ರಶ್ನೆಯೂ ಕೇಳಲಿಲ್ಲ. ಕೈಗೆ ಒಂದು ಕರಪತ್ರ ಕೊಟ್ಟರು, ಅದೂ ಮಲಯಾಳದ್ದು. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಗಡಿನಾಡಿನ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಸಂತೆಗೆ, ಬಸ್ಸಿಗೆ, ಕಚೇರಿಗೆ ಹೇಗೋ ಮಲಯಾಳ ನಡೆಯುತ್ತದೆ. ಆದರೆ ರಾತ್ರಿ ಮೂರು ಗಂಟೆಗೆ ಎದೆಯೊಳಗೆ ಏನಾಗುತ್ತದೆ ಎಂದು ಹೇಳಲು ಅವನಿಗೆ ಬೇಕಾದದ್ದು ಮನೆಯ ಮಾತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಶಾಲೆಗೆ, ಕಚೇರಿಯ ಅರ್ಜಿಗೆ ಕನ್ನಡ ಬೇಕು ಎಂದು ಕೇಳುತ್ತಾ ಬಂದವರು. ಮನಸ್ಸಿನ ಚಿಕಿತ್ಸೆಗೂ ಕನ್ನಡ ಬೇಕು ಎಂದು ಅದೇ ಗಟ್ಟಿ ದನಿಯಲ್ಲಿ ಕೇಳಬೇಕು. ಇದು ನನ್ನ ಕಳಕಳಿಯ ಮಾತು.

ಆಮೇಲೆ ಮಂಗಳೂರಿಗೆ ಹೋದೆವು. ನಮಗೆ ಅದೇ ಅಭ್ಯಾಸದ ದಾರಿ. ಅಲ್ಲಿನ ಡಾಕ್ಟರ್ ತುಳು, ಕನ್ನಡ ಎರಡೂ ಮಾತಾಡುವವರು. "ಏನಾಗ್ತದೆ?" ಎಂದು ಕೇಳಿದರು. "ಬೇಜಾರು" ಅಂದ ತಮ್ಮ. ಅವರು ಪೆನ್ನು ಕೆಳಗಿಟ್ಟು ಕೇಳಿದರು, "ಯಾವ ಬೇಜಾರು? ಹೊತ್ತು ಹೋಗದ ಬೇಜಾರಾ? ಯಾರ ಮೇಲಾದರೂ ಸಿಟ್ಟಿನ ಬೇಜಾರಾ? ದುಃಖದ್ದಾ? ಸುಸ್ತಾ? ಬದುಕುವುದೇ ಬೇಡ ಅನ್ನಿಸುವ ಬೇಜಾರಾ?"

ನಮ್ಮ ಭಾಷೆಯಲ್ಲಿ ಎಲ್ಲದಕ್ಕೂ ಒಂದೇ ಮಾತು, ಬೇಜಾರು. ಅವನು ತುಂಬಾ ಹೊತ್ತು ನೆಲ ನೋಡಿದ. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದ. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದು ನಾನು ವರ್ಷಗಳಿಂದ ಕೇಳಿರಲಿಲ್ಲ.

ಆ ಡಾಕ್ಟರ್ ವಿವರಿಸಿದ ವಿಷಯ ನನಗೆ ತುಂಬಾ ಹಿಡಿಸಿತು. ನಮ್ಮ ಮಿದುಳೇ ಗಾಂಜಾದಂಥ ಒಂದು ಪದಾರ್ಥವನ್ನು ತನಗೆ ಬೇಕಾದಷ್ಟು ಮಾಡಿಕೊಳ್ಳುತ್ತದೆ. 1992ರಲ್ಲಿ ಇಸ್ರೇಲಿನಲ್ಲಿ ರಾಫೆಲ್ ಮೆಷೋಲಮ್ ಅವರ ತಂಡ ಅದನ್ನು ಕಂಡುಹಿಡಿಯಿತು. ನಮ್ಮ 'ಆನಂದ' ಎಂಬ ಪದದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಅದು ಹೋಗಿ ಕೂರಲು ಮಿದುಳಿನಲ್ಲಿ ಬಾಗಿಲುಗಳಿವೆ. ಹೊರಗಿನಿಂದ ದಿನಾ ಗಾಂಜಾ ಸುರಿದರೆ ಮಿದುಳು ಸಾಕಪ್ಪಾ ಎಂದು ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಆಮೇಲೆ ಗಾಂಜಾ ನಿಂತಾಗ ಹೊರಗಿನದ್ದೂ ಇಲ್ಲ, ಸ್ವಂತದ್ದು ಕೂರಲು ಬಾಗಿಲೂ ಸಾಲದು. ಊಟಕ್ಕೆ ರುಚಿ ಇಲ್ಲ, ಮಾತಿಗೆ ರುಚಿ ಇಲ್ಲ, ಯಾವುದರಲ್ಲೂ ಖುಷಿ ಇಲ್ಲ. ಬಿಟ್ಟ ಎರಡೇ ದಿನದಲ್ಲಿ ಬಾಗಿಲು ತೆರೆಯಲು ಶುರುವಾಗುತ್ತದೆ. ಸುಮಾರು ನಾಲ್ಕು ವಾರದಲ್ಲಿ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ ಎಂದು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ್ದಾರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಮಾತಿಲ್ಲದೆ ಕೂತಿದ್ದರು. ತಲಪಾಡಿ ದಾಟಿದ ಮೇಲೆ ಮೆಲ್ಲ ಹೇಳಿದರು, "ನಮ್ಮ ಸುರಂಗದ ಹಾಗೆಯೇ ಆಯಿತಲ್ಲ." ನಮ್ಮ ತೋಟದ ಮೇಲೆ ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗ ಇದೆ. ಅಜ್ಜನ ಕಾಲದ್ದು. ಬೋರ್‌ವೆಲ್ ಬಂದ ಮೇಲೆ ಅದರ ಕಡೆ ಯಾರೂ ಹೋಗಲಿಲ್ಲ. ಮಣ್ಣು ಕುಸಿದು ಮುಚ್ಚಿಹೋಯಿತು. ಒಂದು ಬೇಸಿಗೆಯಲ್ಲಿ ಬೋರ್ ಬತ್ತಿದಾಗ ಅಪ್ಪನೇ ಒಳಗೆ ಹೋಗಿ ಮಣ್ಣು ತೆಗೆದಿದ್ದರು. ಮೊದಲ ದಿನ ಬರೀ ಕೆಸರು. ಆಮೇಲೆ ದಾರದಷ್ಟು ನೀರು. ಕೊಡ ತುಂಬುವಷ್ಟು ಬರಲು ತಿಂಗಳು ಬೇಕಾಯಿತು. "ಒಂದು ತಿಂಗಳು ಅಲ್ವಾ? ಕಾಯುವ" ಅಂದರು. ಆಮೇಲೆ ಅಪ್ಪ ಅವನಿಗೆ ಬೈದದ್ದು ನಾನು ಕೇಳಿಲ್ಲ.

ಎರಡನೇ ಸಲವೂ ಅವನ ಸಿಟ್ಟು ಕಡಿಮೆ ಏನೂ ಇರಲಿಲ್ಲ. ಬಾಗಿಲು ಬಡಿಯುತ್ತಿದ್ದ. ಆದರೆ ಈ ಸಲ ನಾವು ಆ ಸಿಟ್ಟಿಗೆ ಉತ್ತರ ಕೊಡಲು ಹೋಗಲಿಲ್ಲ. ಅಮ್ಮ ಗಂಜಿ, ತಂಬುಳಿ ಮಾಡಿ ಇಟ್ಟು ಸುಮ್ನೆ ಹೋಗುತ್ತಿದ್ದರು. ತಿಂದರೆ ತಿಂದ. ಅವನ ಫೋನ್ ನಾನು ಇಟ್ಟುಕೊಂಡಿದ್ದೆ, ಅದು ಅವನೇ ಕೇಳಿಕೊಂಡದ್ದು. ಹಗಲು ಮಳೆ ಬಿಟ್ಟ ಹೊತ್ತಿಗೆ ಅಪ್ಪ ತೋಟಕ್ಕೆ ಕರೆದುಕೊಂಡು ಹೋಗಿ ಮೈ ದಣಿಯುವಂತೆ ಕೆಲಸ ಕೊಡುತ್ತಿದ್ದರು. ಕನಸುಗಳ ಕಾಟ ಮಾತ್ರ ಜೋರಿತ್ತು. ಗಾಂಜಾ ಕನಸು ಬೀಳುವ ನಿದ್ದೆಯನ್ನು ತಡೆದು ಹಿಡಿದಿರುತ್ತದಂತೆ. ಬಿಟ್ಟ ಕೂಡಲೇ ಅದು ಕಟ್ಟೆ ಒಡೆದಂತೆ ಬರುತ್ತದೆ. "ಅಕ್ಕ, ನಾಲ್ಕು ವರ್ಷ ನನಗೆ ಕನಸೇ ಬಿದ್ದಿರಲಿಲ್ಲ" ಅಂದ. ರಾತ್ರಿ ಕೂಗಿ ಏಳುತ್ತಿದ್ದ. ಆಗ ನಾನು ಅವನ ಹತ್ತಿರ ಕೂರುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ.

ಈ ನಡುವೆ ನೆಂಟರ ಸಲಹೆಗಳು. ಒಬ್ಬರು ಹೇಳಿದರು, ನಿದ್ದೆ ಬಾರದಿದ್ದರೆ ಎರಡು ಪೆಗ್ ಹಾಕಲಿ. ಒಂದು ಚಟದ ಜಾಗಕ್ಕೆ ಇನ್ನೊಂದನ್ನು ಕೂರಿಸುವ ಉಪಾಯ ಅದು. ಇನ್ನೊಬ್ಬರು ಗಲ್ಫಿಗೆ ಕಳಿಸಿ, ಸರಿಯಾಗ್ತಾನೆ ಅಂದರು. ದಿನಾ ಎಳೆದವನ ಮೈಯ ಕೊಬ್ಬಿನಲ್ಲಿ ಗಾಂಜಾದ ಅಂಶ ಕೂತಿರುತ್ತದೆ. ಮೂತ್ರದಲ್ಲಿ ತಿಂಗಳವರೆಗೂ ಕಾಣಿಸಬಹುದು. ಅಲ್ಲಿಯ ಕಾನೂನು ನಮ್ಮದಕ್ಕಿಂತ ಎಷ್ಟೋ ಕಠಿಣ. ಮೂರನೆಯದ್ದು ಎಲ್ಲರ ಬಾಯಲ್ಲೂ ಬಂತು, ಒಂದು ಮದುವೆ ಮಾಡಿಸಿ. ಇದಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನ ಬೆಡ್‌ಶೀಟ್ ಒಗೆಯಲು ಇನ್ನೊಬ್ಬರ ಮನೆಯ ಹುಡುಗಿ ಬರಬೇಕಾ? ಅವಳಿಗೂ ಒಂದು ಬದುಕಿಲ್ಲವಾ?

ಮೂರು ವಾರ ಕಳೆಯಿತು. ಬೆವರು ನಿಂತಿತು, ಊಟ ಸೇರಿತು, ಸಿಡುಕು ಇಳಿಯಿತು. ಇಲ್ಲಿಗೆ ಮುಗಿಯಿತು ಎಂದು ನಾವು ತಿಳಿದೆವು. ಆದರೆ ಅವನ ಮುಖದಲ್ಲಿ ಬೆಳಕು ಬರಲಿಲ್ಲ. ಐದನೇ ವಾರವೂ ಗೋಡೆ ನೋಡಿಕೊಂಡು ಮಲಗುತ್ತಿದ್ದ. ಮತ್ತೆ ಮಂಗಳೂರಿಗೆ ಹೋದಾಗ ಡಾಕ್ಟರ್ ಹೇಳಿದರು, ಬಿಟ್ಟದ್ದರಿಂದ ಬಂದ ಬೇಜಾರು ಇಷ್ಟು ಹೊತ್ತಿಗೆ ಇಳಿಯಬೇಕಿತ್ತು. ಇದು ಬೇರೆಯದ್ದು, ಖಿನ್ನತೆ. ಆಗ ಗೊತ್ತಾಯಿತು, ಪಿಯುಸಿ ಕಾಲದಿಂದಲೇ ಅವನ ಮನಸ್ಸು ಕುಗ್ಗಿತ್ತು. ಗಾಂಜಾ ಮೊದಲ ದಿನ ಅದನ್ನು ಮರೆಸಿತ್ತು, ಅದಕ್ಕೇ ಅವನು ಅದನ್ನು ಹಿಡಿದುಕೊಂಡದ್ದು. ಗಾಂಜಾ ಚಟಕ್ಕೆಂದೇ ಒಪ್ಪಿದ ಮಾತ್ರೆ ಇನ್ನೂ ಇಲ್ಲ, ಅದಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯ. ಆದರೆ ಖಿನ್ನತೆಗೆ ಒಳ್ಳೆಯ ಮದ್ದು ಇದೆ. ಅದನ್ನು ತಿಂಗಳುಗಟ್ಟಲೆ ತೆಗೆದುಕೊಂಡ. ಜನವರಿಯಲ್ಲಿ ಒಂದು ಸಲ ಸ್ನೇಹಿತನ ಮನೆಯಲ್ಲಿ ಎಳೆದ. ರಾತ್ರಿಯೇ ಬಂದು ನನಗೆ ಹೇಳಿದ. ಮೊದಲಾದರೆ ಮುಚ್ಚಿಡುತ್ತಿದ್ದ.

ಹಾಗಾಗಿ ಆ ಮೂವರು ಅಮ್ಮಂದಿರಿಗೆ ನಾನು ಹೇಳಿದ್ದು ಇಷ್ಟು. ಮೂರು ವಾರ ಅವನ ಸಿಟ್ಟನ್ನು ಅವನ ತಲೆಗೆ ಕಟ್ಟಬೇಡಿ. ತಿಂಗಳು ಕಳೆದರೂ ಮನಸ್ಸು ಏಳದಿದ್ದರೆ ಡಾಕ್ಟರಿಗೆ ತೋರಿಸಿ. ಸಾಯುವ ಮಾತು ಬಂದರೆ, ಕಿವಿಯಲ್ಲಿ ಯಾರೋ ಮಾತಾಡುತ್ತಾರೆ, ಯಾರೋ ಹಿಂದೆ ಬಿದ್ದಿದ್ದಾರೆ ಎಂದರೆ ಒಂದು ದಿನವೂ ಕಾಯಬೇಡಿ.

ಅವರಲ್ಲಿ ಒಬ್ಬರಿಗೆ ಪೊಲೀಸರ ಹೆದರಿಕೆ. ಆಸ್ಪತ್ರೆಗೆ ಹೋದರೆ ಕೇಸಾಗುತ್ತದಾ ಎಂದು. ಮಾದಕ ವಸ್ತುಗಳ ಕಾನೂನು ಬಂದದ್ದು 1985ರಲ್ಲಿ. ಸೇದುವುದೂ ಅದರಲ್ಲಿ ಅಪರಾಧವೇ. ಆದರೆ ಅದೇ ಕಾನೂನಿನ 64ಎ ಕಲಂ ಇದೆ. ಚಟಕ್ಕೆ ಸಿಕ್ಕವನು ತಾನಾಗಿಯೇ ಸರಕಾರಿ ಅಥವಾ ಸರಕಾರ ಒಪ್ಪಿದ ಕಡೆ ಚಿಕಿತ್ಸೆ ತೆಗೆದುಕೊಂಡು ಮುಗಿಸಿದರೆ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುತ್ತದೆ. ಕೇರಳ ಸರಕಾರದ ವಿಮುಕ್ತಿ ಯೋಜನೆಯ ಕೇಂದ್ರ ನಮ್ಮ ಜಿಲ್ಲೆಯಲ್ಲಿ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ವಿಮುಕ್ತಿಯ ಫೋನ್ 14405. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಕೇಂದ್ರ ಸರಕಾರದ ಟೆಲಿ ಮಾನಸ್ ನಂಬರು 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಕನ್ನಡ ಎಂದು ಕೇಳಿ. ಸಂಕೋಚ ಬೇಡ.

ಈ ವರ್ಷ ಮತ್ತೆ ಆಟಿ ಬಂದಿದೆ. ನಿನ್ನೆ ತಮ್ಮ ತೋಟದಿಂದ ಬಂದು ಜಗಲಿಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತ. ನನ್ನ ಎದೆ ಡವಗುಟ್ಟಿತು. "ಏನಾಯ್ತು?" ಅಂದೆ. "ಬೇಜಾರು" ಅಂದ. "ಯಾವ ಬೇಜಾರು?" ಅಂದೆ. ಅವನು ನನ್ನ ಮುಖ ನೋಡಿ ನಕ್ಕ. "ಅಡಿಕೆಗೆ ಮದ್ದು ಬಿಡಲು ಬಿಸಿಲೇ ಸಿಗಲಿಲ್ಲ ಅಲ್ವಾ ಅಕ್ಕ. ಕೆಳಗಿನ ತೋಟಕ್ಕೆ ಪೂರ್ತಿ ಕೊಳೆರೋಗ ಬಂದಿದೆ. ಅದರ ಬೇಜಾರು."