ಜೋಡಿ ಕಿವಿಗೆ ಐವತ್ತು ಡಾಲರ್

ಸಿಟ್ಟು ತಣ್ಣಗಾದ ಮೇಲೆ ಬರೆಯೋಣವೆಂದು ಕಾದೆ. ತಣ್ಣಗಾಗಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೊನ್ನೆ ಅಮೆರಿಕದ ಯೂಟಾ ರಾಜ್ಯದ ಪಶ್ಚಿಮ ಮರುಭೂಮಿಯಲ್ಲಿ ಸುತ್ತಾಡಿ ಮರಳುವಾಗ ಡೆಲ್ಟಾ ಊರಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದ್ದೆ. ಪಕ್ಕದ ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಕಯೋಟಿಗಳ ಹೆಣಗಳನ್ನು ಸೌದೆ ಒಟ್ಟಿದಂತೆ ಒಟ್ಟಿದ್ದರು. ಊರಲ್ಲಿರುವವರಿಗಾಗಿ ಹೇಳುತ್ತೇನೆ: ಕಯೋಟಿ ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಸಣ್ಣದು. ಚಳಿಗಾಲದ ದಟ್ಟ ಕೂದಲು, ಬೂದು ಬೆನ್ನು, ಕಾಲಿನಲ್ಲಿ ಕೆಂಚು ಬಣ್ಣ, ಬಾಲದ ತುದಿ ಕಪ್ಪು. ಮೇಲಿದ್ದ ಒಂದರ ತಲೆಯಲ್ಲಿ ನೆತ್ತಿಯ ಚರ್ಮವೇ ಇರಲಿಲ್ಲ. ಕೆಳದವಡೆಯನ್ನೂ ಕಿತ್ತಿದ್ದರಿಂದ ನಾಲಿಗೆ ಗಂಟಲಿನ ಮೇಲೆ ಜೋತು ಬಿದ್ದಿತ್ತು.

ಟ್ರಕ್ಕಿನವನು ಒರಟನಲ್ಲ. ನಾನು ನೋಡುತ್ತಿರುವುದನ್ನು ಕಂಡು ನಗುತ್ತಲೇ ಮಾತಿಗಿಳಿದ. ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆ ತೋರಿಸಿ ರಿಮೋಟ್ ಒತ್ತಿದ. ಗಾಯಗೊಂಡ ಮೊಲದ ಚೀತ್ಕಾರ ಹೊರಟಿತು. ಆಚೆ ನಿಂತಿದ್ದ ಕಾರಿನೊಳಗಿನ ನಾಯಿ ಎದ್ದು ಕಿಟಕಿಗೆ ಮೂಗು ಒತ್ತಿ ಕುಂಯ್‌ಗುಡತೊಡಗಿತು. ಇದನ್ನು ಪೊದೆಯ ಬಳಿ ಇಟ್ಟು ದೂರ ಕೂತರೆ ಸಾಕು, ಹಸಿದ ಕಯೋಟಿ ತಾನಾಗಿ ಬರುತ್ತದೆ ಎಂದ. ಮರಿಗಳ ಅಳುವಿನ ಧ್ವನಿಯೂ ಅದರಲ್ಲಿದೆಯಂತೆ. ಅದಕ್ಕೆ ತಾಯಿ ಕಯೋಟಿಗಳು ಓಡಿ ಬರುತ್ತವಂತೆ. ಇವು ಯಾರದಾದರೂ ಕುರಿ ಹಿಡಿದಿದ್ದವೇ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಎಲ್ಲಿ ಹೊಡೆದಿರಿ ಎಂದು ಕೇಳಿದೆ. ಸಾರ್ವಜನಿಕ ಭೂಮಿಯಲ್ಲಿ ಎಂದ.

ನನ್ನ ತಕರಾರು ಇರುವುದು ಅಲ್ಲಿಯೇ. ಬಿಎಲ್‌ಎಂ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಕೈಯಲ್ಲಿ 24.5 ಕೋಟಿ ಎಕರೆ ಇದೆ. ಐದು ಕರ್ನಾಟಕದಷ್ಟು ನೆಲ. ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿದೆ. ಅದು ಯಾವ ಜಮೀನ್ದಾರನದ್ದೂ ಅಲ್ಲ, ಯಾವ ಬೇಟೆಗಾರರ ಸಂಘದ್ದೂ ಅಲ್ಲ. ಎಲ್ಲರದ್ದು. ಅಲ್ಲಿ ಒಂದು ಜಿಂಕೆ ಹೊಡೆಯಬೇಕಾದರೆ ಯೂಟಾದಲ್ಲಿ ಲೈಸೆನ್ಸ್ ಬೇಕು, ಲಾಟರಿಯಲ್ಲಿ ಪರವಾನಗಿ ಸಿಗಬೇಕು, ಋತು ನೋಡಬೇಕು, ಹೊಡೆದ ಮಾಂಸವನ್ನು ಹಾಳು ಮಾಡದೆ ಒಯ್ಯಬೇಕು. ಕಯೋಟಿಗೆ ಇದ್ಯಾವುದೂ ಇಲ್ಲ. ಲೈಸೆನ್ಸ್ ಬೇಡ, ಋತುವಿಲ್ಲ, ಮಿತಿಯಿಲ್ಲ. ಹೊಡೆದು ಅಲ್ಲೇ ಕೊಳೆಯಲು ಬಿಟ್ಟರೂ ಕೇಳುವವರಿಲ್ಲ. ಸಾಲದೆಂಬಂತೆ, ಮ್ಯೂಲ್ ಜಿಂಕೆಗಳನ್ನು ರಕ್ಷಿಸುತ್ತೇವೆಂದು ರಾಜ್ಯ 2012ರಲ್ಲಿ ಕಾನೂನು ಮಾಡಿ ಒಂದು ಕಯೋಟಿಗೆ 50 ಡಾಲರ್ ಬಹುಮಾನ ಇಟ್ಟಿತು. ಪುರಾವೆಯಾಗಿ ಎರಡೂ ಕಿವಿ ಅಂಟಿಕೊಂಡಿರುವ ನೆತ್ತಿಯ ಚರ್ಮ ಮತ್ತು ಕೆಳದವಡೆ ಕೇಳಿತು. ಆ ಹೆಣದ ಸ್ಥಿತಿಗೆ ಕಾರಣ ಇದು. ಎಲ್ಲರ ನೆಲದಲ್ಲಿ ಬದುಕಿದ ಪ್ರಾಣಿಯನ್ನು ಎಲ್ಲರ ದುಡ್ಡು ಕೊಟ್ಟು ಕೊಲ್ಲಿಸುವುದು. ಆ ದುಡ್ಡಿನಲ್ಲಿ ನನ್ನ ತೆರಿಗೆಯೂ ಇದೆ.

ಈ ವಿಷಯ ಎತ್ತಿದಾಗಲೆಲ್ಲ ಮೊದಲು ಬರುವ ಪ್ರಶ್ನೆ: ಕುರಿ ಸಾಕುವವರ ಗತಿ ಏನು?

ಈ ಪ್ರಶ್ನೆಯನ್ನು ನನಗೆ ಕೇಳಬೇಡಿ. ನಮ್ಮದು ಕುರಿಯ ಮನೆತನವೆಂದು ನಿಮಗೆ ಗೊತ್ತೇ ಇದೆ. ಕೊಪ್ಪಳದ ಹೊಲಗಳಲ್ಲಿ ನಮ್ಮ ಕಾಕಾನ ಹಿಂಡಿಗೆ ತೋಳ ಬಿದ್ದ ಬೆಳಗ್ಗೆ ನಾನೂ ಅಲ್ಲಿದ್ದೆ. ಕತ್ತು ಸೀಳಿದ ಕುರಿ ಇನ್ನೂ ಉಸಿರಾಡುತ್ತಿತ್ತು. ಕಾಕಾ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಅದು ವಿಮೆಯಿದ್ದವರ ನಷ್ಟವಲ್ಲ, ಮಗಳ ಮದುವೆಗೆಂದು ಉಳಿಸಿಕೊಂಡ ಕುರಿ. ಆದರೆ ಅವರು ಕೋವಿ ಹುಡುಕಲಿಲ್ಲ. ಅದರ ಪಾಲು ಅದು ಒಯ್ದಿತು ಎಂದರು. ಮರುದಿನದಿಂದ ರಾತ್ರಿ ಬಲೆಯ ಸುತ್ತ ಇನ್ನೊಂದು ನಾಯಿ ಕಟ್ಟಿದರು, ಮಕ್ಕಳು ಪಾಳಿಯಲ್ಲಿ ಮಲಗಿದರು. ಈಗ ಅದೇ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿ ಧಾಮವಾಗಿದೆ. ಅಷ್ಟು ಬಡವರು ಸಹಿಸಿಕೊಂಡು ಬಾಳಬಲ್ಲರಾದರೆ, ಇಷ್ಟು ಶ್ರೀಮಂತ ದೇಶಕ್ಕೆ ಯಾಕೆ ಆಗುವುದಿಲ್ಲ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇಲ್ಲಿನ ಸಾಕಣೆದಾರರಿಗೆ ಈ ನೆಲ ಎಷ್ಟಕ್ಕೆ ಸಿಗುತ್ತದೆ ಗೊತ್ತೇ? 2019ರಿಂದ 2025ರವರೆಗೂ ಒಂದು ಹಸು ಮತ್ತು ಅದರ ಕರು, ಇಲ್ಲವೇ ಐದು ಕುರಿ, ಕೇಂದ್ರದ ನೆಲದಲ್ಲಿ ಒಂದು ತಿಂಗಳು ಮೇಯಲು 1.35 ಡಾಲರ್. ಒಂದು ಕಪ್ ಕಾಫಿಗೂ ಸಾಲದ ಹಣ. ಅಷ್ಟು ಅಗ್ಗದಲ್ಲಿ ಮೇವು ಪಡೆಯುವವರು ನಾಯಿ ಮತ್ತು ಕಾವಲಿನ ಖರ್ಚನ್ನು ಹೊರಲಿ ಎಂದರೆ ಅನ್ಯಾಯವೇ? ಬಹಳ ಮಂದಿ ಹೊರುತ್ತಲೂ ಇದ್ದಾರೆ. ಚಳಿಗಾಲದಲ್ಲಿ ಈ ಮರುಭೂಮಿಗೆ ಇಳಿಯುವ ಹಿಂಡುಗಳ ಜೊತೆ ಪೆರು ದೇಶದಿಂದ ಬಂದ ಕುರಿಗಾಹಿಗಳು ಗಾಲಿಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಕುರಿಗಳ ನಡುವೆಯೇ ಬೆಳೆದ ದೊಡ್ಡ ಬಿಳಿ ಕಾವಲು ನಾಯಿಗಳು ಹಿಂಡಿನ ಸುತ್ತ ತಿರುಗುತ್ತವೆ. ಕಾಯುವುದು ಅಂದರೆ ಹಾಗೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿ 2000ದಲ್ಲಿ ಸರ್ಕಾರಿ ಕೊಲೆಗಾರರ ಒಪ್ಪಂದವನ್ನೇ ಬಿಟ್ಟು, ಆ ಹಣವನ್ನು ಬೇಲಿಗೆ, ಕಾವಲು ಪ್ರಾಣಿಗಳಿಗೆ ಕೊಡತೊಡಗಿತು.

ಕೊಲೆಗಾರರು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಕೇಂದ್ರದ ಕೃಷಿ ಇಲಾಖೆಯಡಿ ವೈಲ್ಡ್‌ಲೈಫ್ ಸರ್ವಿಸಸ್ ಎಂಬ ಸಂಸ್ಥೆಯಿದೆ. 1931ರ ಒಂದು ಕಾನೂನಿನ ಬಲದಿಂದ ಅದು ವರ್ಷವೂ ಹತ್ತಾರು ಸಾವಿರ ಕಯೋಟಿಗಳನ್ನು ಉರುಳು ಹಾಕಿ, ವಿಮಾನದಿಂದ ಗುಂಡು ಹೊಡೆದು, ಮರಿಗಳಿರುವ ಬಿಲಕ್ಕೆ ಹೊಗೆ ತುಂಬಿ ಕೊಲ್ಲುತ್ತದೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ 1972ರಲ್ಲೇ ಇಲ್ಲಿ ಅಧ್ಯಕ್ಷ ನಿಕ್ಸನ್, ಕೇಂದ್ರದ ನೆಲದಲ್ಲಿ ಪರಭಕ್ಷಕ ಪ್ರಾಣಿಗಳಿಗೆ ವಿಷ ಇಡುವುದನ್ನು ಆದೇಶ ಹೊರಡಿಸಿ ನಿಲ್ಲಿಸಿದ್ದರು. ಕೆಲವೇ ವರ್ಷಗಳಲ್ಲಿ ಸಯನೈಡ್ ಚಿಮ್ಮುವ ಎಂ-44 ಎಂಬ ಸಾಧನ ಮತ್ತೆ ನೆಲಕ್ಕೆ ಬಂತು. 2017ರಲ್ಲಿ ಐಡಹೋದ ಪೊಕಟೆಲ್ಲೋ ಊರಿನಲ್ಲಿ, ಮನೆಯ ಹಿಂದಿನ ಸಾರ್ವಜನಿಕ ಗುಡ್ಡದಲ್ಲಿ, ಹದಿನಾಲ್ಕರ ಹುಡುಗನೊಬ್ಬ ಅದನ್ನು ಏನೋ ಎಂದು ಮುಟ್ಟಿದ. ಅವನ ಕಣ್ಣೆದುರೇ ಅವನ ನಾಯಿ ಸತ್ತಿತು, ಅವನು ಹೇಗೋ ಬದುಕಿದ. ಬಿಎಲ್‌ಎಂ ತನ್ನ ನೆಲದಲ್ಲಿ ಎಂ-44 ನಿಲ್ಲಿಸಿದ್ದು 2023ರಲ್ಲಿ. ಮಗು ಓಡಾಡುವ ಗುಡ್ಡದಲ್ಲಿ ಸಯನೈಡ್ ಬೇಡ ಎಂದು ತೀರ್ಮಾನಿಸಲು ಆರು ವರ್ಷ.

ಇಷ್ಟೆಲ್ಲ ಕೊಂದು ಸಾಧಿಸಿದ್ದಾದರೂ ಏನು? ನೂರು ವರ್ಷಗಳ ಹಿಂದೆ ಕಯೋಟಿ ಮುಖ್ಯವಾಗಿ ಪಶ್ಚಿಮದ ಬಯಲುಗಳ ಪ್ರಾಣಿ. ತೋಳಗಳನ್ನು ಕೊಂದು ಮುಗಿಸಿದರು, ಕಾಡು ಕಡಿದರು, ತೆರವಾದ ಜಾಗಕ್ಕೆಲ್ಲ ಇದು ನಡೆದು ಹೋಯಿತು. ಇಂದು ಹವಾಯಿ ಬಿಟ್ಟು ಎಲ್ಲ ರಾಜ್ಯಗಳಲ್ಲಿದೆ, ಶಿಕಾಗೋ ನಗರದ ನಡುವೆ ಸಂಸಾರ ಹೂಡಿದೆ, ದಕ್ಷಿಣದಲ್ಲಿ ಪನಾಮಾ ತಲುಪಿದೆ. ಒಂದು ಪ್ರದೇಶವನ್ನು ಜೋಡಿಯೊಂದು ಹಿಡಿದಿಟ್ಟುಕೊಂಡಿರುತ್ತದೆ. ಆ ಜೋಡಿಯನ್ನು ಹೊಡೆದರೆ ಅಲೆಮಾರಿ ಕಯೋಟಿಗಳು ನುಗ್ಗುತ್ತವೆ, ಅಲ್ಲಿಯವರೆಗೆ ಮರಿ ಹಾಕದೆ ಇದ್ದ ಹೆಣ್ಣುಗಳೂ ಮರಿ ಹಾಕುತ್ತವೆ, ತಿನ್ನುವ ಬಾಯಿ ಕಡಿಮೆಯಾದ್ದರಿಂದ ಹೆಚ್ಚು ಮರಿಗಳು ಉಳಿಯುತ್ತವೆ. ವರ್ಷಕ್ಕೆ ನೂರಕ್ಕೆ ಎಪ್ಪತ್ತೈದರಂತೆ ಕೊಂದರೂ ಒಂದು ಕಡೆಯ ಕಯೋಟಿಗಳು ಅಳಿಯಲು ಐವತ್ತು ವರ್ಷ ಬೇಕು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1975ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ವಾರಾಂತ್ಯದ ಬೇಟೆಗಾರರು ಅದರ ಹತ್ತಿರಕ್ಕೂ ಹೋಗಲಾರರು.

ಜಿಂಕೆಯ ವಾದವೂ ಹೀಗೆಯೇ ಕುಸಿಯುತ್ತದೆ. ಪಕ್ಕದ ಐಡಹೋದ ಆಗ್ನೇಯ ಭಾಗದಲ್ಲಿ 1997ರಿಂದ 2003ರವರೆಗೆ ಕಯೋಟಿಗಳನ್ನು ತೆಗೆದು ಪ್ರಯೋಗ ಮಾಡಿದರು. ಇಲಿ, ಮೊಲ ಕಡಿಮೆಯಿದ್ದ ಕಾಲದಲ್ಲಿ ಎಳೆಯ ಜಿಂಕೆಮರಿಗಳು ಒಂದಿಷ್ಟು ಹೆಚ್ಚು ಉಳಿದವು, ನಿಜ. ಆದರೆ ಹಿಂಡಿನ ಸಂಖ್ಯೆ ಹೇಳಿಕೊಳ್ಳುವಂತೆ ಬೆಳೆಯಲಿಲ್ಲ. ಅದನ್ನು ನಿರ್ಧರಿಸಿದ್ದು ಮುಖ್ಯವಾಗಿ ಚಳಿಗಾಲದ ಕಠೋರತೆ. ಈ ವರದಿ 2011ರಲ್ಲಿ ಪ್ರಕಟವಾಯಿತು. ಮರುವರ್ಷವೇ ಯೂಟಾ ಬಹುಮಾನ ಘೋಷಿಸಿತು! ಓದುವವರು ಯಾರೂ ಇರಲಿಲ್ಲವೇ?

ಬೇಟೆಯನ್ನೇ ವಿರೋಧಿಸುತ್ತೇನೆಂದು ತಿಳಿಯಬೇಡಿ. ನಾನು ಮಾಂಸ ತಿನ್ನುವವನು. ನನ್ನ ನೆರೆಯವರು ಲಾಟರಿಯಲ್ಲಿ ಪರವಾನಗಿ ಸಿಕ್ಕ ವರ್ಷ ಎಲ್ಕ್ ಎಂಬ ದೊಡ್ಡ ಜಿಂಕೆ ಹೊಡೆದು ಫ್ರೀಜರ್ ತುಂಬುತ್ತಾರೆ, ನಮ್ಮ ಮನೆಗೂ ಕೊಡುತ್ತಾರೆ. ಬಂದೂಕು, ಗುಂಡುಗಳ ಮೇಲೆ 1937ರಿಂದ ವನ್ಯಜೀವಿಗಳಿಗಾಗಿಯೇ ಸಲ್ಲುತ್ತಿರುವ ತೆರಿಗೆಯನ್ನು ಬೇಟೆಗಾರರು ಕಟ್ಟುತ್ತಾರೆ, ಅದಕ್ಕೆ ನನ್ನ ಗೌರವವಿದೆ. ಕುರಿಯ ರುಚಿ ಹತ್ತಿದ ಒಂದು ಕಯೋಟಿಯನ್ನು ಗುರುತಿಸಿ ಹೊಡೆದರೂ ಒಪ್ಪುತ್ತೇನೆ. ಆದರೆ ಯಾರು ಹೆಚ್ಚು ಹೊಡೆದರು, ಯಾರದ್ದು ಹೆಚ್ಚು ತೂಕ ಎಂದು ತಕ್ಕಡಿಗೆ ಹಾಕಿ ಬಹುಮಾನ ಹಂಚುವ ಸ್ಪರ್ಧೆಗಳನ್ನು ಬೇಟೆ ಎನ್ನಲಾರೆ. ಕ್ಯಾಲಿಫೋರ್ನಿಯಾ 2014ರಲ್ಲೇ ಇಂಥ ಬಹುಮಾನಗಳನ್ನು ನಿಷೇಧಿಸಿತು. ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೋ, ಕೊಲರಾಡೋ, ಈ ನಾಲ್ಕೂ ರಾಜ್ಯಗಳು ಒಂದೇ ಮೂಲೆಯಲ್ಲಿ ಕೂಡುತ್ತವೆ. ಅರಿಜೋನಾ, ನ್ಯೂ ಮೆಕ್ಸಿಕೋ 2019ರಲ್ಲಿ, ಕೊಲರಾಡೋ 2020ರಲ್ಲಿ ಸ್ಪರ್ಧೆ ನಿಲ್ಲಿಸಿದವು. ಉಳಿದದ್ದು ನಮ್ಮದು.

ಇದನ್ನೆಲ್ಲ ಕಚೇರಿಯಲ್ಲಿ ಹೇಳಿದಾಗ ಒಬ್ಬರು, ಹೊರಗಿನಿಂದ ಬಂದವರಿಗೆ ಇಲ್ಲಿನ ರೀತಿ ತಿಳಿಯುವುದಿಲ್ಲ ಎಂದರು. ಆ ಮಾತು ನಾಟಿತು, ಇನ್ನೂ ನೋಯುತ್ತಿದೆ. ಇಲ್ಲಿನ ಕುರಿ ಕಾಯುವ ಪೆರುವಿನವರೂ ಹೊರಗಿನವರೇ, ಕುರಿಯೂ ಹೊರಗಿನಿಂದ ಬಂದದ್ದೇ. ಇವರೆಲ್ಲರಿಗಿಂತ ಮೊದಲಿನಿಂದ ಈ ನೆಲದಲ್ಲಿರುವುದು ಕಯೋಟಿ. ಅದಕ್ಕೆ ಮಾತ್ರ ಇಲ್ಲಿ ಇರುವ ಹಕ್ಕಿಲ್ಲ.

ಬಹುಮಾನ ಇರುವುದು ರಾಜ್ಯದ ಕಾನೂನಿನಲ್ಲಿ, ಹಾಗಾಗಿ ಅದನ್ನು ತೆಗೆಯಬೇಕಾದವರು ಶಾಸಕರೇ. ಯೂಟಾ ಶಾಸನಸಭೆ ಜನವರಿಯಲ್ಲಿ ಸೇರಿ ನಲವತ್ತೈದೇ ದಿನಗಳಲ್ಲಿ ಮುಗಿಯುತ್ತದೆ, ಅಷ್ಟರೊಳಗೆ ಪತ್ರ ತಲುಪಬೇಕು. ಸ್ಪರ್ಧೆಗಳ ವಿಷಯವನ್ನು ವನ್ಯಜೀವಿ ಮಂಡಳಿಯ ಪ್ರಾದೇಶಿಕ ಸಲಹಾ ಸಭೆಯಲ್ಲಿ ಎತ್ತಬಹುದು, ಅಲ್ಲಿ ಸಾರ್ವಜನಿಕರು ಎದ್ದು ಮಾತನಾಡಲು ಅವಕಾಶವಿದೆ. ನಾನು ಮಾತನಾಡುತ್ತೇನೆ. ಸಾಲ್ಟ್ ಲೇಕ್, ಪ್ರೋವೊ ಕಡೆಯ ಕನ್ನಡದವರು ಯಾರಾದರೂ ಬರುವುದಾದರೆ ತಿಳಿಸಿ, ಕಾರಿನಲ್ಲಿ ಜಾಗವಿದೆ. ಪತ್ರದ ಕರಡನ್ನು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ.